ತಿಥಿ ನೋಡಿ ಊಟ



ವರ್ಗವಾಗಿ ಹೊಸ ಊರಿಗೆ ಬಂದವರು ಮೊದಲು ಹುಡುಕುವುದು ಮೂರನ್ನು. ಬಾಡಿಗೆ ಮನೆ, ಹಾಲಿನವನು, ಭಾನುವಾರ ಮಧ್ಯಾಹ್ನ ಹೊಟ್ಟೆ ತುಂಬುವಂಥ ಒಂದು ಹೋಟೆಲು. ವಿಜಯಪುರ ಜಿಲ್ಲೆಯ ಆಲಮೇಲದಲ್ಲಿ ನನಗೆ ಮೊದಲಿನ ಎರಡು ಒಂದೇ ದಿನದಲ್ಲಿ ಸಿಕ್ಕವು. ಮೂರನೆಯದನ್ನು ಹುಡುಕುತ್ತ ಬಸ್ ನಿಲ್ದಾಣದಿಂದ ಸಂತೆ ಬಯಲಿನವರೆಗೆ, ಅಲ್ಲಿಂದ ಇಂಡಿ ರಸ್ತೆಯವರೆಗೆ ನಡೆದೆ. ಚಹಾದಂಗಡಿಗಳು ಸಿಕ್ಕವು, ಮಿರ್ಚಿ ಭಜಿ ಕರಿಯುವ ಬಾಣಲೆಗಳು ಸಿಕ್ಕವು, ಒಂದೆರಡು ಖಾನಾವಳಿ, ಇಡ್ಲಿ ವಡೆಯ ಹೋಟೆಲು, ಬಾಗಿಲಿಗೆ ಪರದೆ ಇಳಿಬಿಟ್ಟ ಬಾರುಗಳು. ಅರ್ಧ ತಾಸಿನಲ್ಲಿ ಊರು ಮುಗಿದು ಕಬ್ಬಿನ ಹೊಲ ಶುರುವಾಯಿತು. ಮದ್ದೂರಿನಿಂದ ತಂಗಿ ಫೋನ್ ಮಾಡಿ, ‘ಅಲ್ಲಿ ತಿನ್ನೋಕೇನು ಸಿಗುತ್ತೆ? ಎಲ್ಲಿ ಸುತ್ತಾಡ್ತೀಯ?’ ಎಂದು ಕೇಳಿದಾಗ, ‘ಏನೂ ಇಲ್ಲ ಕಣೇ’ ಅಂದುಬಿಟ್ಟೆ.

ಆ ಮಾತು ಮನೆಯ ಒಡೆಯರ ತಾಯಿಯ ಕಿವಿಗೆ ಬಿತ್ತು. ಅವರನ್ನು ಓಣಿಯಲ್ಲೆಲ್ಲ ‘ಆಯಿ’ ಅನ್ನುತ್ತಾರೆ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದವರು ತಲೆ ಎತ್ತದೆ ಹೇಳಿದರು: ‘ಎಲ್ಲಿ ಸಿಗ್ತದ ಅಂತ ಕೇಳಿದ್ರ ಏನ್ ಹೇಳೂದವ್ವಾ? ಯಾವಾಗ ಸಿಗ್ತದ ಅಂತ ಕೇಳು. ಇಲ್ಲಿ ಊಟಕ್ಕ ತಿಥಿ ಇರ್ತದ.’

ನಾನು ಬೆಚ್ಚಿದೆ. ನಮ್ಮ ಮಂಡ್ಯದ ಕಡೆ ತಿಥಿ ಊಟವೆಂದರೆ ಸತ್ತವರ ಹನ್ನೊಂದನೆಯ ದಿನದ ಊಟ. ಆಯಿ ಹೇಳಿದ್ದು ಪಂಚಾಂಗದ ತಿಥಿ ಎಂದು ಅರ್ಥವಾಗಲು ನನಗೆ ಒಂದು ವರ್ಷ ಹಿಡಿಯಿತು. ಆ ಒಂದು ವರ್ಷದ ಕಥೆಯನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ಊಟಕ್ಕಿಂತ ಮೊದಲು ಎಡವಿದ್ದು ಮಾತಿನಲ್ಲಿ. ಬ್ಯಾಂಕಿಗೆ ಹೊರಟವಳು ಪಕ್ಕದ ಮನೆಯ ಸೊಸೆಯನ್ನು ಕಂಡು, ಸೌಜನ್ಯಕ್ಕೆಂದು, ‘ತಿಂಡಿ ಆಯ್ತಾ?’ ಎಂದು ಕೇಳಿದೆ. ಆಕೆ ಸೆರಗನ್ನು ಬಾಯಿಗಿಟ್ಟು ನಕ್ಕಳು. ಇಲ್ಲಿ ತಿಂಡಿ ಎಂದರೆ ತುರಿಕೆ. ಯಾರಾದರೂ ಸುಮ್ಮನೆ ಜಗಳ ತೆಗೆದರೆ ‘ಯಾಕ, ತಿಂಡಿ ಬಂದದೇನು?’ ಅನ್ನುತ್ತಾರೆ. ಕೇಳಬೇಕಾಗಿದ್ದದ್ದು ‘ನಾಷ್ಟಾ ಆತೇನ್ರಿ?’ ಎಂದು. ಅದೇ ವಾರ ಆಕೆ ಸೇಡು ತೀರಿಸಿಕೊಂಡಳು. ಒಂದು ಬಟ್ಟಲು ತಂದುಕೊಟ್ಟು, ‘ಅಗಸಿ ಹಿಂಡಿ ಅದರಿ ಮೇಡಂ, ತಿನ್ರಿ’ ಅಂದಳು. ನಮ್ಮಲ್ಲಿ ಹಿಂಡಿ ತಿನ್ನುವುದು ಎಮ್ಮೆ. ಗಾಣದಿಂದ ಬಂದ ಕಡಲೆಕಾಯಿ ಹಿಂಡಿಯನ್ನು ಕಲಗಚ್ಚಿಗೆ ಕಲಸಿ ಇಡುತ್ತಿದ್ದ ಅಜ್ಜಿಯ ಚಿತ್ರ ಕಣ್ಣ ಮುಂದೆ ಬಂತು. ಇಲ್ಲಿ ಹಿಂಡಿ ಎಂದರೆ ಚಟ್ನಿಪುಡಿ. ಅಗಸೆ ಬೀಜದ್ದು ಅಗಸಿ ಹಿಂಡಿ, ಹುಚ್ಚೆಳ್ಳಿನದು ಗುರೆಳ್ಳ ಹಿಂಡಿ, ಕಡಲೆಕಾಯಿಯದು ಶೇಂಗಾ ಹಿಂಡಿ. ರೊಟ್ಟಿಯ ಮೇಲೆ ಒಂದು ಚಮಚ ಹಾಕಿ, ನಡುವೆ ಗುಂಡಿ ಮಾಡಿ, ಕುಸುಬೆ ಎಣ್ಣೆಯನ್ನೋ ಗಟ್ಟಿ ಮೊಸರನ್ನೋ ಬಿಟ್ಟುಕೊಂಡು ತಿನ್ನಬೇಕು. ಈಗ ಊರಿಗೆ ಹೋಗುವಾಗ ಎರಡು ಕಿಲೋ ಒಯ್ಯುತ್ತೇನೆ. ನಮ್ಮಮ್ಮ ಬಂದವರಿಗೆ ಬಡಿಸುವಾಗ ಅದನ್ನು ‘ಪುಡಿ’ ಎಂದೇ ಹೇಳುತ್ತಾರೆ. ಹಿಂಡಿ ಅನ್ನಲು ಅವರಿಗೆ ಇನ್ನೂ ಬಾಯಿ ಬರುವುದಿಲ್ಲ.

ಖಾನಾವಳಿಗೆ ಬರೋಣ. ಹೆಣ್ಣು ಮಗಳೊಬ್ಬಳು ಒಬ್ಬಳೇ ಹೋಗಿ ಕೂತರೆ ಮೊದಲ ದಿನ ನಾಲ್ಕು ಕಣ್ಣು ತಿರುಗುತ್ತವೆ, ಎರಡನೆಯ ದಿನ ಎರಡು, ಮೂರನೆಯ ದಿನ ಬಡಿಸುವವರೇ ‘ಮೇಡಮ್ಮಾರಿಗೆ ಗೋಡಿ ಕಡೆ ಜಾಗಾ ಬಿಡ್ರಿ’ ಅನ್ನುತ್ತಾರೆ. ತಟ್ಟೆಯಲ್ಲಿ ಬರುವುದು ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಒಂದು ಕಾಳು ಪಲ್ಯ, ಝುಣಕ, ಹಿಂಡಿ, ಕೆಂಪು ಖಾರ, ಸವತೆಕಾಯಿ, ಹಸಿ ಉಳ್ಳಾಗಡ್ಡಿ, ಮೊಸರು. ಕೊನೆಗೆ ಹಿಡಿಯಷ್ಟು ಅನ್ನ, ಬ್ಯಾಳಿ. ನಮ್ಮ ಕಡೆ ಅನ್ನ ಊಟದ ಯಜಮಾನ, ಇಲ್ಲಿ ಬಾಗಿಲವರೆಗೆ ಬಂದು ಕೈಮುಗಿದು ಹೋಗುವ ನೆಂಟ. ಊಟ ಚೆನ್ನಾಗಿತ್ತು. ಒಂದು ತಿಂಗಳಾದ ಮೇಲೂ ಚೆನ್ನಾಗಿತ್ತು, ಅದೇ ತಟ್ಟೆ, ಅದೇ ರುಚಿ. ಖಾನಾವಳಿಯಲ್ಲಿ ಸಿಗುವುದು ಈ ಊರಿನವರು ಮನೆಯಿಂದ ದೂರವಿದ್ದಾಗ ಉಣ್ಣುವ ಊಟ ಎಂದು ಆಗ ಹೊಳೆಯಿತು. ಸಂತೆಗೆ ಬಂದವರು, ಕೋರ್ಟು ಕಚೇರಿಗೆ ಬಂದವರು, ಲಾರಿಯವರು, ನನ್ನಂಥ ವರ್ಗದವರು. ಊರಿನವರು ಉಣ್ಣುವುದು ಬೇರೆಯೇ ಎಲ್ಲೋ.

ನಾನು ಮುದ್ದೆ ತಿಂದು ಬೆಳೆದವಳು. ಮುದ್ದೆಗೂ ರೊಟ್ಟಿಗೂ ಇರುವ ವ್ಯತ್ಯಾಸ ರಾಗಿ ಜೋಳದ್ದು ಮಾತ್ರ ಎಂದುಕೊಂಡಿದ್ದೆ. ಮುದ್ದೆಯನ್ನು ಹಬೆಯಾಡುವಾಗಲೇ ನುಂಗಬೇಕು. ಅದು ಒಲೆಯನ್ನು ಬಿಟ್ಟು ದೂರ ಹೋಗುವುದಿಲ್ಲ, ಉಣ್ಣುವವನೇ ಅದಿದ್ದಲ್ಲಿಗೆ ಬರಬೇಕು. ರೊಟ್ಟಿ ಹಾಗಲ್ಲ. ಬೆಳಿಗ್ಗೆ ಬಡಿದದ್ದು ಸಂಜೆಗೂ ಮೆತ್ತಗಿರುತ್ತದೆ. ಒಲೆಯ ಬದಿಗೆ ಒರಗಿಸಿ ಒಣಗಿಸಿದರೆ ಖಡಕ್ ರೊಟ್ಟಿಯಾಗಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಹೊಲಕ್ಕೆ, ಜಾತ್ರೆಗೆ, ಪಂಢರಪುರದ ದಾರಿಗೆ, ಗೋವಾ ಪುಣೆಗೆ ದುಡಿಯಲು ಹೊರಟವರ ಗಂಟಿಗೆ, ಎಲ್ಲದಕ್ಕೂ ರೊಟ್ಟಿಯೇ. ಬೆಳಗಿನ ಬಸ್ಸಿನಲ್ಲಿ ಚಾಲಕರ ಪಕ್ಕ ಬಟ್ಟೆ ಸುತ್ತಿದ ಬುತ್ತಿ ಡಬ್ಬಿಗಳು ಸಾಲಾಗಿ ಕೂತಿರುವುದನ್ನು ನಾನು ಇಲ್ಲೇ ನೋಡಿದ್ದು. ವಿಜಯಪುರದಲ್ಲಿ ಕೋಣೆ ಮಾಡಿಕೊಂಡು ಓದುವ ಮಕ್ಕಳಿಗೆ ಹಳ್ಳಿಯ ತಾಯಂದಿರು ಕಳಿಸುವ ಊಟ. ಡಬ್ಬಿಯ ಮೇಲೆ ಹೆಸರು ಬರೆದಿರುತ್ತದೆ. ಬಸ್ ನಿಲ್ದಾಣದಲ್ಲಿ ಹುಡುಗ ಕಾಯುತ್ತಿರುತ್ತಾನೆ, ಖಾಲಿ ಡಬ್ಬಿ ಸಂಜೆಯ ಬಸ್ಸಿಗೆ ಮರಳುತ್ತದೆ. ಜಿಲ್ಲೆ ಬೆಳಗಾವಿ ವಿಭಾಗಕ್ಕೆ ಸೇರಿದ್ದು, ಬಸ್ಸು ಕಲ್ಯಾಣ ಕರ್ನಾಟಕ ಸಾರಿಗೆಯದು. ಈ ಗೋಜಲು ಡಬ್ಬಿಗೇನೂ ಗೊತ್ತಿಲ್ಲ, ಅದು ಸರಿಯಾಗಿ ತಲುಪುತ್ತದೆ.

ಊಟವೇ ಇಷ್ಟು ತಿರುಗಾಡುವ ನಾಡಿನಲ್ಲಿ ಅದನ್ನು ಒಂದು ಅಂಗಡಿಯ ವಿಳಾಸದಲ್ಲಿ ಹುಡುಕಿದ್ದು ನನ್ನದೇ ತಪ್ಪು.

ರೊಟ್ಟಿ ಬಡಿಯುವುದನ್ನು ಆಯಿ ನನಗೆ ಕಲಿಸಲು ನೋಡಿದರು. ಎಸರು ಕುದಿಸಿ, ಹಿಟ್ಟಿಗೆ ಹುಯ್ದು, ಪರಾತದಲ್ಲಿ ಅಂಗೈಯ ಬುಡದಿಂದ ನಾದಬೇಕು. ಜೋಳಕ್ಕೆ ಗೋಧಿಯ ಜಿಗಿ ಇಲ್ಲ. ಆ ಜಿಗಿಯನ್ನು ಬಿಸಿನೀರೂ ಕೈಯೂ ಸೇರಿ ತರಬೇಕು. ಬಡಿಯುವಾಗ ಹಿಟ್ಟಿನ ಚಕ್ರ ತಾನಾಗಿ ಸುತ್ತಬೇಕು. ಆಯಿಯ ಕೈಯಲ್ಲಿ ಅದು ಸುತ್ತುತ್ತಿತ್ತು, ನನ್ನ ಕೈಯಲ್ಲಿ ಮಹಾರಾಷ್ಟ್ರದ ನಕ್ಷೆಯಾಗುತ್ತಿತ್ತು. ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುವಾಗ ನಕ್ಷೆ ಎರಡು ಜಿಲ್ಲೆಯಾಗಿ ಒಡೆಯುತ್ತಿತ್ತು. ‘ಇರಲಿ ಬಿಡು, ಮುರದ ತಿನ್ನೂದs ಅಲ್ಲ’ ಎಂದರು ಆಯಿ. ಎರಡು ತಿಂಗಳ ನಂತರವೂ ಅದನ್ನೇ ಹೇಳಿದರು.

ಹಿಟ್ಟು ಬೀಸಿಸಲು ಗಿರಣಿಗೆ ಹೋಗಬೇಕು. ನನಗೆ ಊರಿನ ಸುದ್ದಿಯೆಲ್ಲ ಸಿಗುವುದು ಅಲ್ಲಿಯೇ. ಯಾರ ಮನೆಯಲ್ಲಿ ಹೆಣ್ಣು ನೋಡಲು ಬಂದರು, ಯಾರ ಲಿಂಬೆ ಎಷ್ಟಕ್ಕೆ ಹೋಯಿತು, ಕಾರ್ಖಾನೆ ಕಬ್ಬಿನ ಬಿಲ್ಲು ಕೊಟ್ಟಿತೋ ಇಲ್ಲವೋ. ಕೊನೆಯದು ಬ್ಯಾಂಕಿನವಳಾದ ನನಗೂ ಬೇಕಾದ ಸುದ್ದಿ. ಗಿರಣಿ ಬರುವ ಮೊದಲು ಈ ಸೀಮೆಯ ಹೆಂಗಸರು ನಸುಕಿನಲ್ಲಿ ಎದ್ದು ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದರು. ಇಂಡಿಯ ಕಡೆಯ ಹಲಸಂಗಿ ಎಂಬ ಪುಟ್ಟ ಊರಿನಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಆ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಆ ಪುಸ್ತಕವನ್ನು ನಾನು ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿದ್ದೆ. ಅದು ಜೋಳದ ಹಿಟ್ಟಿನಿಂದ ಎದ್ದ ಪುಸ್ತಕ ಎಂಬುದು ಗಿರಣಿಯ ಬೆಲ್ಟಿನ ಸದ್ದಿನಲ್ಲಿ ನಿಂತಾಗ ಮೈಗೆ ಹತ್ತಿತು. ಗಿರಣಿಯಲ್ಲಿ ಯಾರೂ ಹಾಡುವುದಿಲ್ಲ. ಕೇಳಿಸುವುದೂ ಇಲ್ಲ.

ತಿಥಿಗಳು ಶ್ರಾವಣದಿಂದ ಶುರುವಾದವು. ಒಂದು ದಿನ ಬ್ಯಾಂಕಿನಿಂದ ಬಂದು ಬೀಗ ತೆಗೆಯುವಷ್ಟರಲ್ಲಿ ಎದುರು ಮನೆಯ ಹುಡುಗಿ ಓಡಿ ಬಂದು ಒಂದು ಬುಟ್ಟಿ ಕೊಟ್ಟಳು. ನಾಲ್ಕು ರೊಟ್ಟಿ, ಮೂರು ಬಗೆಯ ಪಲ್ಯ. ಹತ್ತು ನಿಮಿಷಕ್ಕೆ ಪಕ್ಕದ ಮನೆಯಿಂದ ಇನ್ನೊಂದು. ಆಮೇಲೆ ಹಿಂದಿನ ಮನೆ, ಮೂಲೆ ಮನೆ. ನಾನು ಹೆದರಿದೆ, ಏನಾದರೂ ಆಗಿದೆಯೇ, ಯಾರಾದರೂ ತೀರಿಕೊಂಡರೇ ಎಂದು. ಮರುದಿನ ನಾಗರ ಪಂಚಮಿ. ಅದರ ಹಿಂದಿನ ದಿನ ರೊಟ್ಟಿ ಹಬ್ಬ. ಮನೆ ಮನೆಯಲ್ಲೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಹಲವು ಪಲ್ಯ ಮಾಡಿ ಓಣಿಯವರೆಲ್ಲ ಒಬ್ಬರಿಗೊಬ್ಬರು ಹಂಚುತ್ತಾರೆ. ಆ ರಾತ್ರಿ ನನ್ನ ಅಡುಗೆಮನೆಯಲ್ಲಿ ಇಪ್ಪತ್ತಾರು ರೊಟ್ಟಿ ಇದ್ದವು. ಒಂದು ಊರಿನ ಒಂದು ಓಣಿಯ ಎಲ್ಲರ ಕೈರುಚಿ ಒಂದೇ ಸಲ ನನ್ನ ಮೇಜಿನ ಮೇಲೆ. ಹೀಗೆ ಸಿಗುವ ಹೋಟೆಲು ಬೆಂಗಳೂರಿನಲ್ಲೂ ಇಲ್ಲ. ಯಾರ ಎಣ್ಣೆಗಾಯಿಯಲ್ಲಿ ಬೆಲ್ಲ ಹೆಚ್ಚು, ಯಾರ ಮಸಾಲೆಯಲ್ಲಿ ಗುರೆಳ್ಳು ಬಿದ್ದಿದೆ, ಯಾರು ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕುತ್ತಾರೆ ಎಂದು ನಾನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡೆ. ಲೆಕ್ಕ ಬರೆಯುವ ಕೈ, ಸುಮ್ಮನಿರುವುದಿಲ್ಲ. ಖಾಲಿ ಬುಟ್ಟಿ ಹಿಂದೆ ಕೊಡಬಾರದಂತೆ. ನಾನು ಸಕ್ಕರೆ ಹಾಕಿ ಕೊಟ್ಟೆ. ‘ನಿಮ್ಮ ರೊಟ್ಟಿ ಯಾವಾಗ್ರಿ ಮೇಡಂ?’ ಎಂದು ಹುಡುಗಿ ಕೇಳಿದಳು.

ಪಂಚಮಿಗೆ ಉಂಡಿಗಳು. ಶೇಂಗಾ ಉಂಡಿ, ಬೇಸನ್ ಉಂಡಿ, ತಂಬಿಟ್ಟು, ಜೋಳದ ಅಳ್ಳು. ಮರಕ್ಕೆ ಹಗ್ಗ ಬಿಗಿದು ಜೋಕಾಲಿ. ತವರಿಗೆ ಬಂದ ಹೆಣ್ಣುಮಕ್ಕಳಿಗೆ ಅದೇ ವಿಹಾರ. ಮೊಹರಂ ಬಂದಾಗ ಚೊಂಗ್ಯಾ, ಮಾಲೀದಿ. ಅಲಾಯಿ ದೇವರಿಗೆ ಹರಕೆ ಹೊತ್ತವರಲ್ಲಿ ಲಿಂಗಾಯತರೂ ಕುರುಬರೂ ಇದ್ದರು, ಯಾರೂ ಅದನ್ನು ವಿಶೇಷವೆಂದು ನನಗೆ ಹೇಳಲಿಲ್ಲ. ಗೋಧಿಯ ಸಿಹಿ ಚೊಂಗ್ಯಾ ಇಷ್ಟವಾಗಿ, ಮುಂದಿನ ವರ್ಷ ಅದೇ ತಾರೀಖಿಗೆ ರಜೆ ಹಾಕೋಣವೆಂದು ಕ್ಯಾಲೆಂಡರಿನಲ್ಲಿ ಗುರುತು ಮಾಡಿದೆ. ಮುಂದಿನ ವರ್ಷ ಅದು ಹತ್ತು ಹನ್ನೊಂದು ದಿನ ಮೊದಲೇ ಬಂದು ಹೋಗಿಬಿಟ್ಟಿತ್ತು. ಚಂದ್ರನ ಲೆಕ್ಕ, ಬ್ಯಾಂಕಿನ ಲೆಕ್ಕವಲ್ಲ.

ನನ್ನ ಪಾಲಿಗೆ ಆ ವರ್ಷದ ದೊಡ್ಡ ದಿನ ಎಳ್ಳ ಅಮಾವಾಸ್ಯೆ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುತ್ತದೆ. ಅಂದು ಊರಿನ ಬೀದಿ ಭಣಭಣ. ಅಂಗಡಿ ಮುಚ್ಚಿ ಎಲ್ಲರೂ ಹೊಲಕ್ಕೆ ಹೋಗಿರುತ್ತಾರೆ. ಆಯಿಯ ಮಗ ಟ್ರ್ಯಾಕ್ಟರಿನ ಹಿಂದಿನ ಡಬ್ಬಿಯಲ್ಲಿ ಜಮಖಾನೆ ಹಾಸಿ ನಮ್ಮನ್ನೆಲ್ಲ ಕೂರಿಸಿದರು. ಹೊಸ ಸೀರೆ, ತಲೆಯ ಮೇಲೆ ಹೊತ್ತ ಬುಟ್ಟಿ, ಬುಟ್ಟಿಯ ಮೇಲೆ ಬಿಳಿ ಬಟ್ಟೆ.

ಎರೆ ಭೂಮಿಯನ್ನು ನಾನು ಹತ್ತಿರದಿಂದ ಕಂಡದ್ದು ಅಂದು. ಆಳ ಕಪ್ಪು ಮಣ್ಣು. ಮುಂಗಾರಿನ ಕೊನೆಯ ಮಳೆಯನ್ನು ಕುಡಿದು ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಬಿಳಿಜೋಳ ಆಮೇಲೆ ಆ ಹಸಿಯಲ್ಲೂ ಚಳಿಗಾಲದ ಇಬ್ಬನಿಯಲ್ಲೂ ಬೆಳೆಯುತ್ತದೆ. ನೀರು ಬಿಡುವವರಿಲ್ಲ. ಇಲ್ಲಿ ಹೆಚ್ಚಾಗಿ ಬಿತ್ತುವುದು ಮಾಲದಂಡಿ, ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆರಿಸಿ ತೆಗೆದ ಹಳೆಯ ತಳಿ. ಅದರ ಕಾಳು ಮುತ್ತಿನಂತಿರುತ್ತದೆ, ರೊಟ್ಟಿ ಹಾಲಿನ ಬಣ್ಣಕ್ಕೆ ಬರುತ್ತದೆ, ಕಣಿಕೆಯನ್ನು ದನಗಳು ಬಿಡದೆ ತಿನ್ನುತ್ತವೆ. ಆಳೆತ್ತರದ ಜೋಳದ ನಡುವೆ ನಡೆದು ಬನ್ನಿ ಗಿಡದ ಬುಡಕ್ಕೆ ಹೋದೆವು. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಇಟ್ಟಿದ್ದರು. ಪೂಜೆಯಾದ ಮೇಲೆ ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿ, ಒಬ್ಬರು ಹೊಲದ ತುಂಬ ಚೆಲ್ಲುತ್ತ ಕೂಗುತ್ತ ಹೋದರು, ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತ ಉತ್ತರ ಕೂಗಿದರು. ಚರಗ ಚೆಲ್ಲುವುದು ಅಂದರೆ ಇದು. ಬಸುರಿ ಭೂಮಿತಾಯಿಗೆ ಬಯಕೆಯ ಊಟ. ಹೊಲ ಮೊದಲು ಉಂಡಿತು, ಆಮೇಲೆ ನಾವು.

ಉಂಡದ್ದೇನೆಂದು ಕೇಳುತ್ತೀರಾ? ಸಜ್ಜೆ ಕಡುಬು, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಹಸಿ ಕಾಳುಗಳನ್ನೆಲ್ಲ ಹಾಕಿ ಕಲಸಿದ ಭಜ್ಜಿ, ಶೇಂಗಾ ಹೋಳಿಗೆ, ಚಿತ್ರಾನ್ನ, ಮೊಸರನ್ನ, ಇಂಡಿಯ ಲಿಂಬೆಯಲ್ಲಿ ಹಾಕಿದ ಉಪ್ಪಿನಕಾಯಿ. ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸುತ್ತಾರೆ. ಒಂದು ಹೊಲದಲ್ಲಿ ಉಂಡು ಮುಗಿಸಿ ಏಳುವಷ್ಟರಲ್ಲಿ ಬದುವಿನಾಚೆಯಿಂದ ಕರೆ ಬರುತ್ತಿತ್ತು, ‘ಮೇಡಮ್ಮಾರ, ನಮ್ಮ ಹೊಲ ಏನ್ ಪಾಪ ಮಾಡ್ಯಾದ್ರಿ?’ ನಾನು ಅಂದು ನಾಲ್ಕು ಹೊಲದಲ್ಲಿ ಉಂಡೆ. ಅದರಲ್ಲಿ ಒಬ್ಬರು ನಮ್ಮ ಶಾಖೆಯಲ್ಲಿ ಸಾಲ ಕಟ್ಟದವರು. ಅವರ ಹೋಳಿಗೆಯೇ ಎಲ್ಲಕ್ಕಿಂತ ಚೆನ್ನಾಗಿತ್ತು. ಈ ವಿಷಯ ಮೇಲಧಿಕಾರಿಗಳು ಕೇಳಿಸಿಕೊಳ್ಳದಿರಲಿ.

ಆದರೆ ಒಂದು ಮಾತು. ನಾವು ಹೋದ ದಾರಿಯುದ್ದಕ್ಕೂ ಎರಡೂ ಬದಿಗೆ ಇದ್ದದ್ದು ಕಬ್ಬು. ಭೀಮೆಯ ನೀರು, ಏತ ನೀರಾವರಿ, ಕೊಳವೆಬಾವಿ, ಸುತ್ತ ಸಕ್ಕರೆ ಕಾರ್ಖಾನೆಗಳು. ಆಯಿಯ ಮನೆಯ ಎಂಟು ಎಕರೆಯಲ್ಲಿ ಜೋಳ ಉಳಿದಿರುವುದು ಒಂದು ಎಕರೆ, ಮನೆಯ ರೊಟ್ಟಿಗೂ ಎತ್ತಿನ ಕಣಿಕೆಗೂ. ಕಬ್ಬು ದುಡ್ಡು ಕೊಡುತ್ತದೆ, ಸಾಲ ತೀರಿಸುತ್ತದೆ, ನಾನೇ ಕಬ್ಬಿಗೆ ಸಾಲ ಕೊಟ್ಟವಳು. ಅದನ್ನು ಹೀಗಳೆಯಲು ನನಗೆ ಬಾಯಿಲ್ಲ. ಆದರೆ ಕಬ್ಬಿನ ಗದ್ದೆಯಲ್ಲಿ ಜಮಖಾನೆ ಹಾಸಲು ಜಾಗವಿಲ್ಲ, ಒಳಗೆ ಗಾಳಿಯಾಡುವುದಿಲ್ಲ, ಎಲೆ ಕೈ ಕೊಯ್ಯುತ್ತದೆ. ಚರಗ ಚೆಲ್ಲಲು ಕೆಲವರು ಈಗ ಬಂಧುಗಳ ಜೋಳದ ಹೊಲ ಹುಡುಕಿಕೊಂಡು ಹೋಗುತ್ತಾರೆ.

ಬಾರಿನ ವಿಷಯ ಹೇಳದೆ ಬಿಟ್ಟರೆ, ಹೊಸ ಊರಿನ ಸಂಜೆಗಳ ಬಗ್ಗೆ ಅರ್ಧ ಸತ್ಯ ಹೇಳಿದಂತೆ. ನನ್ನ ಜೊತೆ ಬೆಂಗಳೂರಿನಲ್ಲಿ ತರಬೇತಿ ಪಡೆದ ಗೆಳತಿಯರು ಹೊಸ ಊರು ಎಂದರೆ ಮೊದಲು ಅದನ್ನೇ ಕೇಳುತ್ತಾರೆ. ಅಲ್ಲಿ ಇಂದಿರಾನಗರದಲ್ಲಿ ಹೆಣ್ಣುಮಕ್ಕಳು ಮೇಜು ಹಿಡಿದು ಕೂರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಬಾರು ಗಂಡಸರದು, ಪರದೆಯ ಆಚೆ ಏನಿದೆ ಎಂದು ನಾನು ನೋಡಿಲ್ಲ. ಸಹೋದ್ಯೋಗಿಗಳ ವರದಿಯ ಪ್ರಕಾರ ಅಲ್ಲಿ ಹುರಿದ ಶೇಂಗಾಕ್ಕೆ ಉಳ್ಳಾಗಡ್ಡಿ, ಹಸಿಮೆಣಸು, ಲಿಂಬೆ ಹಿಂಡಿ ಕೊಡುತ್ತಾರಂತೆ, ಬಲು ಚೆನ್ನಾಗಿರುತ್ತದಂತೆ. ಅದಿಷ್ಟನ್ನೇ ಪೊಟ್ಟಣ ಕಟ್ಟಿಸಿ ತರಿಸಿಕೊಂಡು ತಿಂದಿದ್ದೇನೆ. ನಿಜ, ಚೆನ್ನಾಗಿತ್ತು.

ಆಚೆ ನಿಂತು ಕಾಣುವುದು ಬೇರೆ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ಟು ಹೋಗಿ ಬಾಟಲಿ ಬಂತು, ಖರ್ಚು ಹೆಚ್ಚಾಯಿತು. ನಮ್ಮ ಬ್ಯಾಂಕಿನ ಸ್ವಸಹಾಯ ಸಂಘದ ಸಭೆಗಳಲ್ಲಿ ಸಾಲದ ಮಾತು ಸುತ್ತಿ ಸುತ್ತಿ ಕೊನೆಗೆ ಅಲ್ಲಿಗೇ ಬರುತ್ತದೆ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿಕೊಂಡು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರಲ್ಲ, ಅವರ ಸಿಟ್ಟು ಎಂಥದೆಂದು ನನಗೆ ತಿಳಿದದ್ದು ಈ ಸಭೆಗಳಲ್ಲಿ ಕೂತ ಮೇಲೆ. ಪರದೆ ಸರಿಸಿ ಒಳಗೆ ಹೋಗುವ ಹಕ್ಕು ಬೇಕೆನ್ನುವ ನನ್ನ ಗೆಳತಿಯೂ, ಆ ಬಾಗಿಲೇ ಮುಚ್ಚಲಿ ಎನ್ನುವ ಸಂಘದ ಅಧ್ಯಕ್ಷೆಯೂ ಎದುರುಬದುರು ಕೂತರೆ ಏನು ಮಾತಾಡಿಯಾರು? ನಾನು ನಡುವೆ ಕೂತು ಲಿಂಬು ಸೋಡಾ ಕುಡಿಯುತ್ತೇನೇನೋ.

ಲಿಂಬು ಸೋಡಾ ಎಂದೆನಲ್ಲ, ಅದೇ ನನ್ನ ಬಾರು. ಸಂಜೆ ಆರಕ್ಕೆ ಬಸ್ ನಿಲ್ದಾಣದ ಬಳಿ ಗಾಡಿ ನಿಲ್ಲುತ್ತದೆ. ಇಂಡಿ ಲಿಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಅದಕ್ಕೆಂದೇ ಇಂಡಿಯಲ್ಲಿ ಲಿಂಬೆ ಅಭಿವೃದ್ಧಿ ಮಂಡಳಿ ಇದೆ. ತೆಳು ಸಿಪ್ಪೆ, ಒಳಗೆಲ್ಲ ರಸ. ಗಾಡಿಯವನು ಒಂದೇ ಹಣ್ಣನ್ನು ಒಂದೇ ಕೈಯಲ್ಲಿ ಹಿಂಡಿ, ಉಪ್ಪು ಹಾಕಿ, ಸೋಡಾ ಸುರಿಯುತ್ತಾನೆ. ನೊರೆ ಉಕ್ಕಿ ಇಳಿಯುವುದರೊಳಗೆ ಕುಡಿಯಬೇಕು. ಮೊದಲು ನಾನೊಬ್ಬಳೇ ನಿಲ್ಲುತ್ತಿದ್ದೆ. ಆಮೇಲೆ ಸರಕಾರಿ ಆಸ್ಪತ್ರೆಯ ನರ್ಸು ಬಂದರು, ಅವರು ಕೋಲಾರದವರು. ಆಮೇಲೆ ಕನ್ಯಾ ಶಾಲೆಯ ಅಕ್ಕೋರು ಇಬ್ಬರು. ಈಗ ವಾರಕ್ಕೆ ಎರಡು ದಿನ ನಮ್ಮದೊಂದು ಕೂಟ. ಗಾಡಿಯವನು ನಾಲ್ಕು ಸ್ಟೂಲು ತಂದಿಟ್ಟಿದ್ದಾನೆ. ಪರದೆ ಮಾತ್ರ ಇಲ್ಲ.

ವಿಹಾರಗಳಲ್ಲಿ ಗೋಳಗುಮ್ಮಟ, ಆಲಮಟ್ಟಿಯ ಅಣೆಕಟ್ಟು, ಕೂಡಲಸಂಗಮ ಎಲ್ಲ ಆದವು. ಊರಿಂದ ನೆಂಟರು ಬಂದಾಗಲೆಲ್ಲ ಗುಮ್ಮಟದ ಪಿಸುಮಾತಿನ ಮೊಗಸಾಲೆಗೆ ಹೋಗಿ ಒಂದೊಂದು ಸಲ ಕೂಗಿ ಬಂದಿದ್ದೇವೆ. ಅವುಗಳ ಬಗ್ಗೆ ಪುಸ್ತಕಗಳಿವೆ. ನಾನು ಹೇಳಬೇಕೆಂದಿರುವುದು ದೇವಲ ಗಾಣಗಾಪುರದ ಒಂದು ಮಧ್ಯಾಹ್ನ.

ದೇವಣಗಾಂವದ ಹತ್ತಿರ ಭೀಮೆಯನ್ನು ದಾಟಿದರೆ ಆಚೆ ಅಫಜಲಪುರ ತಾಲ್ಲೂಕು, ಕಲಬುರಗಿ ಜಿಲ್ಲೆ. ಭೀಮಾ ಅಮರಜಾ ಕೂಡುವ ಸಂಗಮದ ಬಳಿ ಗಾಣಗಾಪುರ. ದತ್ತನ ಅವತಾರವೆಂದು ಭಕ್ತರು ನಂಬುವ ನರಸಿಂಹ ಸರಸ್ವತಿಯವರ ನಿರ್ಗುಣ ಪಾದುಕೆಯ ಊರು, ಮರಾಠಿ ಮಾತಾಡುವ ಯಾತ್ರಿಕರೇ ಹೆಚ್ಚು. ದತ್ತ ಮಹಾರಾಜರು ಇಂದಿಗೂ ಮಧ್ಯಾಹ್ನ ಯಾವುದೋ ವೇಷದಲ್ಲಿ ಇಲ್ಲಿ ಭಿಕ್ಷೆಗೆ ಬರುತ್ತಾರೆಂದು ನಂಬಿಕೆ. ಆದ್ದರಿಂದ ಬಂದವರು ಐದು ಮನೆಯಲ್ಲಿ ಮಧುಕರಿ ಬೇಡಿ ಉಣ್ಣಬೇಕು, ಕೊಡಬಲ್ಲವರು ಕೊಡಬೇಕು. ಕಾರಿನಲ್ಲಿ ಬಂದ ಪುಣೆಯ ಇಂಜಿನಿಯರ್ ಒಬ್ಬರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ನಿಜವಾದ ಭಿಕ್ಷುಕನೊಬ್ಬ. ನೀಡುವ ಅಜ್ಜಿ ಇಬ್ಬರಿಗೂ ಒ‌ಂದೇ ಅಳತೆಯ ಅನ್ನ, ಒಂದೇ ಗಾತ್ರದ ರೊಟ್ಟಿಯ ತುಂಡು ಹಾಕಿದರು. ಯಾರು ದತ್ತ ಎಂದು ಅವರಿಗೂ ಗೊತ್ತಿಲ್ಲವಲ್ಲ.

ನನಗೆ ಬೇಡಲು ಬಾಯಿ ಬರಲಿಲ್ಲ. ಆಯಿ ಹಿಂದಿನಿಂದ ತಿವಿದರು. ‘ಹೊಸ ಊರಿಗಿ ಬಂದಾಕಿ, ಬೇಡೂದು ಕಲೀಬೇಕವ್ವ. ಒಂದು ವರ್ಷ ನಮ್ಮ ಮನ್ಯಾಗ ಬೇಡದs ಉಂಡಿಯೇನು?’ ಆ ಅಜ್ಜಿಯ ಮುಂದೆ ಕೈಯೊಡ್ಡಿದೆ. ಎರಡು ತುತ್ತು ಅನ್ನ, ಚೂರು ಹೋಳಿಗೆ. ಮಿಕ್ಕ ನಾಲ್ಕು ಮನೆಗೆ ಹೋಗುವಾಗ ನಾಚಿಕೆ ಅಷ್ಟಿರಲಿಲ್ಲ.

ಬಾನುಲಿಯವರು ನನ್ನನ್ನು ಕರೆದಾಗ, ಆಲಮೇಲಕ್ಕೆ ಹೊಸದಾಗಿ ಬರುವವರು ನೋಡಬೇಕಾದ, ತಿನ್ನಬೇಕಾದ ಜಾಗಗಳ ಪಟ್ಟಿ ಕೊಡಿ ಎಂದಿದ್ದರು. ಪಟ್ಟಿ ನನ್ನಲ್ಲಿಲ್ಲ. ಇವತ್ತು ಡಿಸೆಂಬರ್ ಮೊದಲ ವಾರ, ಅದನ್ನು ಹಿಡಿದು ಹೇಳಬಲ್ಲೆ. ಆಯಿಯ ಹೊಲದ ಬದುವಿನಲ್ಲಿ ಒಂದು ಸಾಲು ಸಕ್ರಿ ಮುಕ್ರಿ ಜೋಳ ಹಾಕಿದ್ದಾರೆ, ಸಿಹಿ ತೆನೆಯದು, ಮಾರುವುದಕ್ಕಲ್ಲ. ಅದಿನ್ನೂ ತೆನೆ ಹೊರಗೆ ಹಾಕುತ್ತಿದೆ. ಸಂಕ್ರಾಂತಿಯ ಹೊತ್ತಿಗೆ ಕಾಳು ಹಾಲುಗಟ್ಟಿ ಮೆತ್ತಗಿರುತ್ತದೆ. ಆಗ ಕುಳ್ಳಿನ ಬೆಂಕಿಯಲ್ಲಿ ತೆನೆ ಸುಟ್ಟು, ಬಿಸಿ ಬಿಸಿಯಾಗಿಯೇ ತಿಕ್ಕಿ ಉದುರಿಸಿ, ಶೇಂಗಾ ಹಿಂಡಿ, ಬೆಲ್ಲ, ಪುಟಾಣಿ, ಕೊಬ್ಬರಿ ಚೂರಿನ ಜೊತೆ ಮುಕ್ಕುತ್ತಾರೆ, ಮೇಲೆ ಮಜ್ಜಿಗೆ. ಸೀತನಿ ಎಂದು ಅದರ ಹೆಸರು. ಹತ್ತು ಹನ್ನೆರಡು ದಿನದ ಮಾತು. ಅದು ದಾಟಿದರೆ ಕಾಳು ಬಲಿತು ರೊಟ್ಟಿಯ ಪಾಲಾಗುತ್ತದೆ.

ತಂಗಿ ಈ ಸಲ ಬರುತ್ತೇನೆ ಅಂದಿದ್ದಾಳೆ. ಏನು ತರಲಿ ಎಂದು ಕೇಳಿದಳು. ಆಯಿಯನ್ನು ವಿಚಾರಿಸಿದೆ. ತಟ್ಟೆ ಬೇಡ, ಚಮಚ ಬೇಡ, ಹೊಲದಲ್ಲಿ ಕೂಡಲಿಕ್ಕೆ, ತೆನೆ ತಿಕ್ಕಲಿಕ್ಕೆ ಒಂದು ಕಂಬಳಿ ಇದ್ದರೆ ತರಲಿ ಅಂದರು. ನಮ್ಮ ಮನೆಯ ಕಂಬಳಿಯನ್ನು ಇಲಿ ಕಡಿದಿದೆ.